ಅಂಕಿಯೋ ಅಕ್ಷರವೋ: ಇಂಗ್ಲಿಷ್ ಬರವಣಿಗೆಯ ಎರಡು ಪದ್ಧತಿಗಳು

ಇಂಗ್ಲಿಷಿನಲ್ಲಿ ಸಂಖ್ಯೆಗಳನ್ನು ಬರೆಯಲು ಅಮೆರಿಕದ ಎರಡು ಪದ್ಧತಿಗಳು ಹೆಸರಾಗಿವೆ. ಪತ್ರಿಕೆಗಳು ಅನುಸರಿಸುವ ಅಸೋಸಿಯೇಟೆಡ್ ಪ್ರೆಸ್ ಶೈಲಿಯು ಸಾಮಾನ್ಯವಾಗಿ ಒಂದರಿಂದ ಒಂಬತ್ತರವರೆಗೆ ಅಕ್ಷರಗಳನ್ನೂ 10ರಿಂದ ಮುಂದಕ್ಕೆ ಅಂಕಿಗಳನ್ನೂ ಬಳಸಲು ಹೇಳಿದರೆ, ಪುಸ್ತಕ ಪ್ರಕಾಶಕರು ನೆಚ್ಚಿಕೊಂಡಿರುವ ಷಿಕಾಗೊ ಶೈಲಿಯ ಸಾಮಾನ್ಯ ನಿಯಮವು ನೂರರವರೆಗಿನ ಪೂರ್ಣಸಂಖ್ಯೆಗಳನ್ನು ಅಕ್ಷರಗಳಲ್ಲಿಯೇ ಬಯಸುತ್ತದೆ. ವ್ಯತ್ಯಾಸ ಎದ್ದು ಕಾಣುವುದು ವಯಸ್ಸಿನ ವಿಷಯದಲ್ಲಿ: ಐದು ವರ್ಷದ ಮಗುವಿನ ವಯಸ್ಸನ್ನೂ ಮೊದಲನೆಯದು 5 ಎಂದು ಅಂಕಿಯಲ್ಲಿಯೇ ಬರೆಸುತ್ತದೆ, ಎರಡನೆಯದು ಅಕ್ಷರದಲ್ಲಿ. ಶೇಕಡಾವಾರು ಪ್ರಮಾಣಕ್ಕೆ ಎರಡೂ ಅಂಕಿಯನ್ನೇ ಒಪ್ಪುತ್ತವೆ. ಕಥೆ, ಪ್ರಬಂಧಗಳಿಗೆ ಷಿಕಾಗೊ ಶೈಲಿಯೇ ಓದಲು ಹಿತವೆಂದು ನನ್ನ ಅಭಿಪ್ರಾಯ. ಅಂಕಿಅಂಶಗಳು ತುಂಬಿದ ವರದಿಗೆ ಮಾತ್ರ ಅದು ಭಾರವಾಗುತ್ತದೆ. ಅಂದಹಾಗೆ, ಒಂದು ಲಕ್ಷವನ್ನು 1,00,000 ಎಂದು ಬರೆಯುವ ನಮ್ಮ ರೂಢಿ ಎರಡರಲ್ಲಿಯೂ ಇಲ್ಲ. ಅಂಕಿಯಲ್ಲಿ ಬರೆದರೆ ಅಲ್ಲಿ ಅದು 100,000.