ನಾಲ್ಕು ಗುಂಡಿ, ಎರಡು ಸಾಲಿನ ಪರದೆ: ಒಂದು ಪಂಪ್‌ಸೆಟ್ ಕಂಟ್ರೋಲರಿನ ವಿಮರ್ಶೆ

ನಾಗಮಂಗಲ ತಾಲ್ಲೂಕಿನಲ್ಲಿರುವ ನಮ್ಮ ತೆಂಗಿನ ತೋಟ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಹೊರಗಿದ್ದು, ಕೊಳವೆಬಾವಿಯೇ ಅದಕ್ಕೆ ಆಧಾರ. ಅಲ್ಲಿನ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರಿಗೆ ಮಂಡ್ಯದ ಅಂಗಡಿಯೊಂದರಿಂದ ತಂದು ಹಾಕಿಸಿದ ಡಿಜಿಟಲ್ ಕಂಟ್ರೋಲರನ್ನು ಬೇಸಿಗೆಯುದ್ದಕ್ಕೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎರಡು ಸಾಲು, ಸಾಲಿಗೆ 16 ಅಕ್ಷರದ ಪರದೆ, ಅದರ ಕೆಳಗೆ ಸೆಟ್, ಅಪ್, ಡೌನ್, ಎಂಟರ್ ಎಂಬ ನಾಲ್ಕು ಗುಂಡಿಗಳಿರುವ ಇಂಥ ಪೆಟ್ಟಿಗೆಗಳು ಹಲವು ಹೆಸರುಗಳಲ್ಲಿ ದೊರೆಯುತ್ತವೆ. ಅವುಗಳ ಬಳಕೆಯ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ.

ಮೋಟಾರನ್ನು ಕಾಯುವ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಒಂದು ಫೇಸ್ ಹೋದರೆ ಉಳಿದವುಗಳ ಮೇಲೆ ಹೊರೆ ಬಿದ್ದು ವೈಂಡಿಂಗ್ ಸುಡುವ ಮೊದಲೇ ಮೋಟಾರನ್ನು ನಿಲ್ಲಿಸುತ್ತದೆ. ಬಾವಿಯಲ್ಲಿ ನೀರು ಇಳಿದಾಗ ಮೋಟಾರು ಎಳೆಯುವ ಆಂಪಿಯರ್ ಕಡಿಮೆಯಾಗುವುದನ್ನು ಗಮನಿಸಿ ಡ್ರೈ ರನ್ (ನೀರಿಲ್ಲದ ಓಟ) ಎಂದು ಗುರುತಿಸಿ ನಿಲ್ಲಿಸುತ್ತದೆ. ಕರೆಂಟ್ ಬಂದ ಕೂಡಲೇ ಚಾಲೂ ಮಾಡದೆ, ನಾವು ಹೇಳಿದಷ್ಟು ಹೊತ್ತು ಕಾಯುತ್ತದೆ. ನೇರವಾಗಿ ಚಾಲೂ ಆಗುವ ಮೋಟಾರು ಆ ಕ್ಷಣದಲ್ಲಿ ತನ್ನ ವಾಡಿಕೆಯ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ, ಒಂದೇ ಟ್ರಾನ್ಸ್‌ಫಾರ್ಮರಿನ ಪಂಪುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಈ ವಿಳಂಬ ಬಹಳ ಅಗತ್ಯವಾದದ್ದು.

ಮೋಟಾರು ಓಡುತ್ತಿರುವಾಗ ಕಾಣುವ ಪರದೆಯೂ ನನಗೆ ಹಿಡಿಸಿತು. ಮೇಲಿನ ಸಾಲಿನಲ್ಲಿ ಆರ್, ವೈ, ಬಿ ಎಂಬ ಮೂರು ಫೇಸ್‌ಗಳ ವೋಲ್ಟೇಜ್, ಕೆಳಗಿನ ಸಾಲಿನಲ್ಲಿ ಆಂಪಿಯರ್ ಮತ್ತು ಮೋಟಾರಿನ ಸ್ಥಿತಿ. ಯಾವ ಗುಂಡಿಯನ್ನೂ ಒತ್ತದೆ, ಪೆಟ್ಟಿಗೆಯ ಬಾಗಿಲು ತೆರೆದ ಕೂಡಲೇ ಬೇಕಾದದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಯಾರೋ ಶ್ರದ್ಧೆಯಿಂದ ಯೋಚಿಸಿದ್ದಾರೆ.

ಅದೇ ಶ್ರದ್ಧೆ ಗುಂಡಿಗಳ ವಿಷಯದಲ್ಲಿ ಕಾಣುವುದಿಲ್ಲ. ಸೆಟ್ ಗುಂಡಿಯನ್ನು ಥಟ್ಟನೆ ಒತ್ತಿದರೆ ದೋಷ ರೀಸೆಟ್ ಆಗುತ್ತದೆ. ಅದನ್ನೇ ಮೂರು ಸೆಕೆಂಡ್ ಒತ್ತಿ ಹಿಡಿದರೆ ಸೆಟ್ಟಿಂಗಿನ ಮೆನು ತೆರೆಯುತ್ತದೆ. ತ್ರೀಫೇಸ್ ಕರೆಂಟ್ ಎಷ್ಟೋ ಸಲ ಸಿಗುವುದು ರಾತ್ರಿಯ ಪಾಳಿಯಲ್ಲಿ. ಒದ್ದೆ ಕೈಯಲ್ಲಿ, ಟಾರ್ಚ್ ಬೆಳಕಿನಲ್ಲಿ, ಗುಂಡಿ ಒತ್ತಿತೋ ಇಲ್ಲವೋ ಎಂಬ ಅನುಮಾನದಿಂದ ಬಲವಾಗಿ ಒತ್ತಿ ಹಿಡಿಯುವ ರೈತನು ರೀಸೆಟ್ ಮಾಡಲು ಹೋಗಿ ಓವರ್‌ಲೋಡ್ ಮಿತಿಯನ್ನು ಬದಲಿಸುವ ಪುಟದಲ್ಲಿ ನಿಂತಿರುತ್ತಾನೆ. ಗುಂಡಿಗಳು ನಾಲ್ಕೇ ಇರುವುದು ಇಲ್ಲಿಯ ತೊಂದರೆಯಲ್ಲ. ದಿನವೂ ಮಾಡುವ ಕೆಲಸವನ್ನೂ ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಮಾಡುವ ಕೆಲಸವನ್ನೂ ಒಂದೇ ಗುಂಡಿಗೆ ಕಟ್ಟಿರುವುದು ತೊಂದರೆ. ಅಪ್ ಮತ್ತು ಡೌನ್ ಎರಡನ್ನೂ ಒಟ್ಟಿಗೆ ಒತ್ತಿದಾಗ ಮಾತ್ರ ಮೆನು ತೆರೆಯುವಂತೆ ಮಾಡಿದ್ದರೆ ಬಿಡಿಭಾಗಕ್ಕೆ ಒಂದು ಪೈಸೆಯೂ ಹೆಚ್ಚು ಬೀಳುತ್ತಿರಲಿಲ್ಲ.

ಹಿಂಬೆಳಕು ಆರಿದ ಪರದೆಯ ವಿಷಯವೂ ಹೀಗೆಯೇ. ಕತ್ತಲಲ್ಲಿ ಮೊದಲ ಒತ್ತು ಬೆಳಕನ್ನು ಹೊತ್ತಿಸುವುದಕ್ಕಷ್ಟೇ ಮೀಸಲಾಗಿರಬೇಕು. ಇಲ್ಲಿ ಬೆಳಕೂ ಹೊತ್ತುತ್ತದೆ, ಗುಂಡಿಯ ಕೆಲಸವೂ ನಡೆದುಹೋಗುತ್ತದೆ. ಯಾವ ದೋಷದಿಂದ ಮೋಟಾರು ನಿಂತಿತ್ತು ಎಂದು ಓದುವ ಮೊದಲೇ ಆ ದೋಷ ಅಳಿಸಿಹೋಗಿರುತ್ತದೆ.

ಸೆಟ್ಟಿಂಗಿನೊಳಗೆ ಹೋದರೆ ತಾಳ್ಮೆ ಬೇಕು. ಡ್ರೈ ರನ್ ಆದ ಬಳಿಕ ಮರಳಿ ಚಾಲೂ ಆಗುವ ಅವಧಿಯನ್ನು 30 ನಿಮಿಷದಿಂದ 120ಕ್ಕೆ ಏರಿಸಲು ಅಪ್ ಗುಂಡಿಯನ್ನು 90 ಸಲ ಒತ್ತಬೇಕು, ಏಕೆಂದರೆ ಒತ್ತಿ ಹಿಡಿದರೆ ಅಂಕಿ ಓಡುವುದಿಲ್ಲ. ನಡುವೆ ಸ್ವಲ್ಪ ಹೊತ್ತು ಕೈ ನಿಲ್ಲಿಸಿದರೆ ಪರದೆ ತಾನಾಗಿ ಮೊದಲ ಪುಟಕ್ಕೆ ಮರಳುತ್ತದೆ, ಅಲ್ಲಿಯವರೆಗಿನ ಬದಲಾವಣೆ ಉಳಿಯಲಿಲ್ಲ ಎಂಬುದನ್ನು ಹೇಳುವುದೂ ಇಲ್ಲ. ಎಂಟರ್ ಒತ್ತಿ ಉಳಿಸಿದ ಸೆಟ್ಟಿಂಗು ಮಾತ್ರ ಕರೆಂಟ್ ಹೋದರೂ ಅಳಿಯುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ದೋಷದ ಸಂದೇಶ. ನೀರು ಬತ್ತಿ ಮೋಟಾರು ನಿಂತಾಗ ಪರದೆಯಲ್ಲಿ ಬರುವುದು ‘ಇ 04’ ಎಂಬ ಸಂಕೇತ ಮಾತ್ರ. ಅದರ ಅರ್ಥ ಇರುವುದು ಜೊತೆಗೆ ಕೊಟ್ಟ ಇಂಗ್ಲಿಷ್ ಪುಸ್ತಿಕೆಯಲ್ಲಿ, ಪುಸ್ತಿಕೆ ಇರುವುದು ಮನೆಯಲ್ಲಿ. “ಬಾವೀಲಿ ನೀರಿಲ್ಲ ಅಂತ ಒಂದು ಮಾತು ಬರ್ದಿದ್ರೆ ಸಾಕಾಗಿತ್ತಲ್ಲ ಮಗ” ಎಂದು ದೊಡ್ಡಪ್ಪ ಕೇಳಿದ ಪ್ರಶ್ನೆಗೆ ತಯಾರಕರು ಉತ್ತರ ಕೊಡಬೇಕು.

ಈ ಬಗೆಯ ಪರದೆಯಲ್ಲಿ ಕನ್ನಡ ಬರೆಯುವುದು ಕಷ್ಟ ಎಂಬುದು ನಿಜ. ಒಂದೊಂದು ಅಕ್ಷರಕ್ಕೂ ಅಗಲಕ್ಕೆ 5, ಎತ್ತರಕ್ಕೆ 8 ಚುಕ್ಕಿಗಳ ಮನೆ. ನಾವೇ ರೂಪಿಸಿ ತುಂಬಬಹುದಾದ ಅಕ್ಷರಗಳು ಒಮ್ಮೆಗೆ ಎಂಟೇ. ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತಕ್ಷರ ಹೊತ್ತ ನಮ್ಮ ಲಿಪಿ ಅಷ್ಟರಲ್ಲಿ ಹಿಡಿಸುವುದಿಲ್ಲ. ಅಗಲಕ್ಕೆ 128, ಎತ್ತರಕ್ಕೆ 64 ಚುಕ್ಕಿಗಳ ಗ್ರಾಫಿಕ್ ಪರದೆ ಹಾಕಿದರೆ ಮೂರು ಸಾಲು ಕನ್ನಡವನ್ನು ಸ್ಪಷ್ಟವಾಗಿ ತೋರಿಸಬಹುದು. ಆ ಖರ್ಚು ಬೇಡವೆಂದರೆ ‘ನೀರಿಲ್ಲ’, ‘ಫೇಸ್ ಇಲ್ಲ’, ‘ಓವರ್‌ಲೋಡ್’ ಎಂದು ಕನ್ನಡದಲ್ಲಿ ಅಚ್ಚು ಹಾಕಿದ ಮೂರು ಪುಟ್ಟ ದೀಪಗಳು ಸಾಕು. ಅದೂ ಆಗದಿದ್ದರೆ ಸಂಕೇತಗಳ ಅರ್ಥವನ್ನು ಬಾಗಿಲಿನ ಒಳಮೈಗೆ ಅಂಟಿಸಿ ಕೊಡಬಹುದು. ನಾವು ಈಗ ಕೈಬರಹದ ಚೀಟಿಯೊಂದನ್ನು ಅಲ್ಲಿ ಅಂಟಿಸಿಕೊಂಡಿದ್ದೇವೆ.

ಮೋಟಾರು ಎತ್ತಿಸಿ ರಿವೈಂಡಿಂಗ್ ಮಾಡಿಸುವ ಖರ್ಚನ್ನು ನೋಡಿದರೆ, ಈ ಕೊರತೆಗಳಿದ್ದರೂ ಕೊಳ್ಳಬಹುದಾದ ಸಾಧನವೇ. ಆದರೆ ಕೊಳ್ಳುವವರು ಅಂಗಡಿಯಲ್ಲೇ ಅದಕ್ಕೆ ಕರೆಂಟ್ ಕೊಡಿಸಿ, ಅಪ್ ಗುಂಡಿ ಒತ್ತಿ ಹಿಡಿದಾಗ ಅಂಕಿ ಓಡುತ್ತದೆಯೇ, ಆರಿದ ಪರದೆಯ ಮೇಲೆ ಮೊದಲ ಒತ್ತು ಬೆಳಕನ್ನಷ್ಟೇ ಹೊತ್ತಿಸುತ್ತದೆಯೇ ಎಂದು ನೋಡಿ ಆರಿಸಿಕೊಳ್ಳಬೇಕು. ದಿನವೂ ಪಂಪು ನೋಡಿಕೊಳ್ಳುವವರು ಮನೆಯಲ್ಲಿ ಬೇರೆಯವರಾಗಿದ್ದರೆ ಅವರನ್ನೇ ಅಂಗಡಿಗೆ ಕರೆದೊಯ್ದು, ಅವರ ಕೈಯಿಂದಲೇ ಗುಂಡಿ ಒತ್ತಿಸಿ ನೋಡುವುದು ಒಳ್ಳೆಯದು.