ಬಿಮ್ ಜೊತೆ ಆರು ವರ್ಷ: ಸಾಫ್ಟ್‌ವೇರ್ ಕಲಿತದ್ದೇ ಸುಲಭದ ಭಾಗ

ನಮ್ಮ ಆಫೀಸು ಕ್ಯಾಡ್ (ಕಂಪ್ಯೂಟರ್‌ನಲ್ಲಿ ಗೆರೆ ಎಳೆದು ನಕ್ಷೆ ಬರೆಯುವುದು) ಬಿಟ್ಟು ಬಿಮ್‌ಗೆ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ಕಟ್ಟಡದ ವಿವರಗಳನ್ನೂ ಸೇರಿಸಿ 3ಡಿ ಮಾಡೆಲ್ ಕಟ್ಟುವುದು) ಬಂದದ್ದು ಆಸೆಪಟ್ಟು ಅಲ್ಲ. ಒಬ್ಬ ಕ್ಲೈಂಟ್ ಟೆಂಡರ್‌ನಲ್ಲೇ ಮಾಡೆಲ್ ಕೇಳಿದ್ದರು, ಬೇರೆ ದಾರಿ ಇರಲಿಲ್ಲ. ಬ್ರಿಟನ್‌ನಲ್ಲೂ 2016ರಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಇದನ್ನು ಕಡ್ಡಾಯ ಮಾಡಬೇಕಾಯಿತು. ಕೈಗೆ ಒಗ್ಗಿದ್ದನ್ನು ಯಾರೂ ಸುಮ್ನೆ ಬಿಡಲ್ಲ, ಅಲ್ವಾ?

ನಮಗೆ ನಂಬಿಕೆ ಬಂದದ್ದು ಮೂರನೇ ಮಹಡಿಯ ಒಂದು ಪ್ಯಾಸೇಜ್‌ನಿಂದ. ಏಸಿ ಗಾಳಿ ಸಾಗುವ ಡಕ್ಟ್ 400 ಮಿ.ಮೀ. ಎತ್ತರ, ಬೀಮ್ (ತೊಲೆ) ಕೆಳಗೆ ಫಾಲ್ಸ್ ಸೀಲಿಂಗ್‌ವರೆಗೆ ಇದ್ದ ಜಾಗ 350. ಬೇರೆ ಬೇರೆ ಹಾಳೆಯಲ್ಲಿ ಎರಡೂ ಸರಿಯಾಗಿಯೇ ಕಾಣುತ್ತಿದ್ದವು. ಮಾಡೆಲ್‌ನಲ್ಲಿ ಮಾತ್ರ ಡಕ್ಟ್ ಬೀಮಿನೊಳಗೇ ನುಗ್ಗಿತ್ತು. ಅಗಲ ಹೆಚ್ಚಿಸಿ ಎತ್ತರವನ್ನು 300ಕ್ಕೆ ಇಳಿಸಿದೆವು, ಅರ್ಧ ದಿನದ ಕೆಲಸ. ಕಾಂಕ್ರೀಟ್ ಹಾಕಿದ ಮೇಲೆ ಗೊತ್ತಾಗಿದ್ದರೆ?

ಹಾಗಂತ ಕ್ಲ್ಯಾಶ್ ಟೆಸ್ಟ್ (ಮಾಡೆಲ್‌ನಲ್ಲಿ ಒಂದಕ್ಕೊಂದು ಅಡ್ಡ ಬರುವುದನ್ನು ಸಾಫ್ಟ್‌ವೇರ್ ಹುಡುಕಿ ತೋರಿಸುವುದು) ಮಾಯಾಮಂತ್ರ ಅಲ್ಲ. ಮೊದಲ ಸಲ ಎರಡು ಸಾವಿರಕ್ಕೂ ಜಾಸ್ತಿ ಕ್ಲ್ಯಾಶ್ ತೋರಿಸಿತು. ಮುಕ್ಕಾಲು ಪಾಲು ಪೈಪಿನ ಇನ್ಸುಲೇಷನ್ ಗೋಡೆಗೆ ತಾಗಿದಂಥವು. ಯಾವುದು ನಿಜವಾದ ತೊಂದರೆ ಅಂತ ಆರಿಸೋಕೆ ಸೈಟ್ ಕಂಡವರೇ ಬೇಕು.

ದೊಡ್ಡ ತಲೆನೋವು ಜನರದ್ದು. ಪ್ಲಂಬಿಂಗ್ ಕನ್ಸಲ್ಟೆಂಟ್ ಇವತ್ತಿಗೂ 2ಡಿ ಡ್ರಾಯಿಂಗೇ ಕಳಿಸುತ್ತಾರೆ. ಅದನ್ನು ಮಾಡೆಲ್ ಮಾಡುವ ಕೂಲಿಯಿಲ್ಲದ ಕೆಲಸ ನಮ್ಮ ತಲೆಗೆ. ಇನ್ನೊಂದು, ಕ್ಯಾಡ್‌ನಲ್ಲಿ ಗೋಡೆ ಅಂದರೆ ಎರಡು ಗೆರೆ. ಇಲ್ಲಿ ದಪ್ಪ ಎಷ್ಟು, ಯಾವ ಇಟ್ಟಿಗೆ, ಪ್ಲಾಸ್ಟರ್ ಎಷ್ಟು ಅಂತ ಬೇಗನೇ ತೀರ್ಮಾನ ಆಗಬೇಕು. ಕೆಲಸ ಮೊದಲ ಹಂತಕ್ಕೇ ಬಂತು, ಫೀಸ್ ಕಂತು ಮಾತ್ರ ಆಮೇಲಿನ ವರ್ಕಿಂಗ್ ಡ್ರಾಯಿಂಗ್ (ಕಟ್ಟುವುದಕ್ಕೆ ಕೊಡುವ ವಿವರವಾದ ನಕ್ಷೆ) ಹಂತದಲ್ಲೇ ಉಳಿಯಿತು. ಕರಾರು ಬರೆಯುವಾಗಲೇ ಇದನ್ನು ಮಾತಾಡಿಕೊಳ್ಳಿ.

ಫೈಲ್ ವಿಷಯವೂ ಕಿರಿಕಿರಿಯೇ. ನಾವು ಬಳಸುವ ಸಾಫ್ಟ್‌ವೇರ್‌ನಲ್ಲಿ ಹೊಸ ವರ್ಷನ್‌ನಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯಲ್ಲ. ಹಾಗಾಗಿ ಪ್ರಾಜೆಕ್ಟ್ ಮುಗಿಯುವ ತನಕ ಎಲ್ಲರೂ ಒಂದೇ ವರ್ಷನ್. ಬೇರೆ ಬೇರೆ ಸಾಫ್ಟ್‌ವೇರ್ ನಡುವೆ ಮಾಡೆಲ್ ಹಂಚಿಕೊಳ್ಳೋಕೆ ಐಎಫ್‌ಸಿ ಇದೆ, ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ, ಒಂದೇ ಕಂಪನಿಗೆ ಕಟ್ಟುಬೀಳದ ಮುಕ್ತ ಫೈಲ್ ಫಾರ್ಮ್ಯಾಟ್. ನೋಡೋಕೆ, ತಾಳೆ ಹಾಕೋಕೆ ಚೆನ್ನಾಗಿದೆ. ತಿದ್ದೋಕೆ ಹೋದರೆ ಕಲ್ಲು ಕೆತ್ತಿದ ಹಾಗೆ.

ಸೈಟ್‌ನಲ್ಲಿ ಈಗಲೂ ಪ್ರಿಂಟೇ ಕೇಳುತ್ತಾರೆ. ಸಿಮೆಂಟ್ ಮೆತ್ತಿದ ಕೈಯಲ್ಲಿ ಟ್ಯಾಬ್ ಹಿಡಿಯಿರಿ ಅನ್ನೋಕಾಗುತ್ತಾ? ಕಷ್ಟದ ಜಾಯಿಂಟ್‌ಗಳ 3ಡಿ ಚಿತ್ರವನ್ನು ಅದೇ ಹಾಳೆಯ ಮೂಲೆಯಲ್ಲಿ ಹಾಕಿಕೊಡುತ್ತೇವೆ. "ಸಾರ್, ಇದು ಅರ್ಥ ಆಗ್ತಿಲ್ಲ" ಅನ್ನುವ ಫೋನ್ ಕಡಿಮೆಯಾಗಿದೆ.