ಮತಗಟ್ಟೆಯ ಏಜೆಂಟರ ಬೆಂಚು: ಭಾಂಡುಪಿನಿಂದ ಒಂದು ವಿಮರ್ಶೆ

ಸೇವೆ: ಮತಗಟ್ಟೆಯೊಳಗೆ ಅಭ್ಯರ್ಥಿಯ ಏಜೆಂಟ್ ಆಗಿ ಕೂರುವುದು. ಸ್ಥಳ: ಮುಂಬಯಿಯ ಭಾಂಡುಪ್. ದಿನ: 2024ರ ನವೆಂಬರ್ 20, ವಿಧಾನಸಭಾ ಚುನಾವಣೆ. ನನ್ನ ಅಂಕ: ಐದಕ್ಕೆ ನಾಲ್ಕು.

ನಾನು ಹೋಟೆಲುಗಳ ಲೆಕ್ಕ ಬರೆಯುವವನು. ಎರಡು ಕಡೆಯ ಮೊತ್ತ ತಾಳೆಯಾಗದೆ ಪುಸ್ತಕ ಮುಚ್ಚುವವನಲ್ಲ. ಮತಯಂತ್ರದ ಮಾತು ಬಂದರೆ ನಮ್ಮ ಓಣಿಯಲ್ಲಿ ಎರಡು ಪಂಗಡ. ಎಲ್ಲವೂ ಮೋಸ ಎನ್ನುವವರು ಒಂದು ಕಡೆ, ಪ್ರಶ್ನೆ ಕೇಳುವುದೇ ತಪ್ಪು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಳಗೆ ಕೂತು ನೋಡಿದವರಲ್ಲ. ನಾನು ನೋಡಿಯೇಬಿಡಬೇಕೆಂದು ಪರಿಚಯದ ಪಕ್ಷೇತರ ಅಭ್ಯರ್ಥಿಯೊಬ್ಬರಿಂದ ಏಜೆಂಟರ ನೇಮಕಪತ್ರವಾದ ನಮೂನೆ 10ಕ್ಕೆ ಸಹಿ ಹಾಕಿಸಿಕೊಂಡೆ.

ಬೆಳಗಿನ ಐದೂವರೆಗೆ ಹಾಜರಿರಬೇಕು. ಮತದಾನ ಏಳಕ್ಕೆ ಶುರುವಾದರೂ ಅದಕ್ಕೆ ತೊಂಬತ್ತು ನಿಮಿಷ ಮೊದಲೇ ಅಣಕು ಮತದಾನ ನಡೆಯುತ್ತದೆ. ಈ ಸೇವೆಯ ಜೀವಾಳವೇ ಇದು. ಕಡಿಮೆಯೆಂದರೆ 50 ಮತ ಒತ್ತಬೇಕು, ನೋಟಾ ಸೇರಿ ಒಂದು ಗುಂಡಿಯನ್ನೂ ಬಿಡುವಂತಿಲ್ಲ. ಯಂತ್ರ ಹೇಳುವ ಲೆಕ್ಕವನ್ನು, ಪ್ರತಿ ಮತಕ್ಕೂ ಅಚ್ಚಾಗಿ ಬೀಳುವ ವಿವಿಪ್ಯಾಟ್ ಚೀಟಿಗಳ ಜೊತೆ ಎಲ್ಲರ ಕಣ್ಣೆದುರು ಎಣಿಸಿ ತಾಳೆ ನೋಡುತ್ತಾರೆ. ಆಮೇಲೆ ಯಂತ್ರದ ಲೆಕ್ಕ ಅಳಿಸಿ ಸೊನ್ನೆ ತೋರಿಸುತ್ತಾರೆ, ಚೀಟಿ ಡಬ್ಬಿ ಖಾಲಿ ಮಾಡಿ ತೋರಿಸುತ್ತಾರೆ, ಹಸಿರು ಪೇಪರ್ ಸೀಲಿನ ಮೇಲೆ ನಮ್ಮ ಸಹಿ ತೆಗೆದುಕೊಳ್ಳುತ್ತಾರೆ.

ಏಜೆಂಟರು ಕೂರುವ ಸಾಲಿಗೂ ನಿಯಮವಿದೆ. ರಾಷ್ಟ್ರೀಯ ಪಕ್ಷದವರು ಮೊದಲು, ನಂತರ ರಾಜ್ಯ ಪಕ್ಷಗಳು, ಪಕ್ಷೇತರರು ಕೊನೆಗೆ. ಹಾಗಾಗಿ ಬೆಂಚಿನ ತುದಿ ನನ್ನದು. ನನಗಿಂತ ಮುಂದೆ ಶಿಂದೆ ಬಣದ ಧನುಷ್ಯ-ಬಾಣದ ಏಜೆಂಟ್, ಅವರ ಪಕ್ಕದಲ್ಲೇ ಉದ್ಧವ್ ಬಣದ ಮಶಾಲ್ (ಪಂಜು) ಚಿಹ್ನೆಯ ಏಜೆಂಟ್. 2022ರ ಜೂನ್‌ವರೆಗೂ ಇಬ್ಬರೂ ಒಂದೇ ಶಿವಸೇನೆ. ಪಕ್ಷ ಒಡೆದ ಮೇಲೆ ಗಣಪತಿ ಮಂಡಲದಲ್ಲೂ ಮಾತು ಬಿಟ್ಟವರಂತೆ. ಅಂಥವರು ಒಂದೇ ಸೀಲಿಗೆ ಒಬ್ಬರ ಹಿಂದೊಬ್ಬರು ಸಹಿ ಹಾಕಿದರು. ಒಬ್ಬರು ಸಂಖ್ಯೆ ಓದಿದರೆ ಇನ್ನೊಬ್ಬರು ಬರೆದುಕೊಂಡರು. ಯಾರೂ ಯಾರನ್ನೂ ನಂಬಬೇಕಾಗಿರಲಿಲ್ಲ. ಕೆಲಸದ ಕ್ರಮವೇ ಹಾಗಿತ್ತು. ನನಗೆ ಅತ್ಯಂತ ಗೌರವ ಹುಟ್ಟಿದ್ದು ಇಲ್ಲಿ.

ಹತ್ತು ಗಂಟೆಯ ಹೊತ್ತಿಗೆ ಕಲಬುರಗಿ ಕಡೆಯ ಒಬ್ಬ ತಾಯಿ ಬಂದರು. ಮರಾಠಿ ಪಟ್ಟಿಯಲ್ಲಿ ಅವರ ಹೆಸರು ಗುರುತೇ ಸಿಗದ ಹಾಗೆ ಅಚ್ಚಾಗಿತ್ತು. "ಹೀ ತೀ ನಾಹೀ" (ಈಕೆ ಅವಳಲ್ಲ) ಎಂದು ಮಶಾಲ್‌ನವರು ಆಕ್ಷೇಪ ಎತ್ತಿದರು. ಪ್ರಿಸೈಡಿಂಗ್ ಆಫೀಸರ್ ಮೇಡಂ ಗಲಾಟೆಗೆ ಅವಕಾಶ ಕೊಡದೆ ನಿಯಮದಂತೆ ಎರಡು ರೂಪಾಯಿ ಠೇವಣಿ ಕೇಳಿದರು, ಪಡೆದರು, ವಿಚಾರಣೆ ಶುರು ಮಾಡಿದರು. ಗುರುತಿನ ಚೀಟಿಯ ಫೋಟೊ, ಪಟ್ಟಿಯ ಫೋಟೊ, ಮನೆ ನಂಬರು, ಗಂಡನ ಹೆಸರು. ಆಕೆಯ ಕನ್ನಡವನ್ನು ನಾನು ಮರಾಠಿಗೆ ಹೇಳಿದೆ. ವ್ಯಕ್ತಿ ಅವರೇ ಎಂದು ಖಚಿತವಾದರೆ ಅಚ್ಚಿನ ತಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮವೇ ಹೇಳುತ್ತದೆ. ಆಕ್ಷೇಪ ದುರುದ್ದೇಶದ್ದಲ್ಲ ಎಂದು ಎರಡು ರೂಪಾಯಿಯೂ ವಾಪಸಾಯಿತು. ತಾಯಿ ಮೈಸೂರಿನ ಕಾರ್ಖಾನೆಯ ಶಾಯಿ ಹಚ್ಚಿಸಿಕೊಂಡು ಒಳಗೆ ಹೋಗಿ ಬಂದರು. ಆಕೆಯ ಮತ ಯಾರಿಗೆಂದು ಬೆಂಚಿನಲ್ಲಿ ಯಾರಿಗೂ ತಿಳಿಯದು. ಆದರೆ ಆಕೆಗೆ ಹಕ್ಕಿದೆ ಎಂದು ಅಷ್ಟೂ ಜನ ಒಪ್ಪಿದ್ದರು.

ಸಂಜೆ ಆರಕ್ಕೆ ಸರದಿಯಲ್ಲಿ ನಿಂತವರಿಗೆಲ್ಲ ಚೀಟಿ ಹಂಚಿ, ಅವರೆಲ್ಲರ ಮತದಾನ ಮುಗಿಸಿ 'ಕ್ಲೋಸ್' ಗುಂಡಿ ಒತ್ತಿದರು. ಆಗ ಕೈಗೆ ಬರುವುದೇ ನಮೂನೆ 17ಸಿ. ಒಟ್ಟು ಮತ ಎಷ್ಟು, ಕಂಟ್ರೋಲ್ ಯೂನಿಟ್‌ನ ನಂಬರು ಯಾವುದು, ಎಲ್ಲವೂ ಅದರಲ್ಲಿದೆ. ಅಂಗಡಿಯ ಬಿಲ್ಲಿನಷ್ಟೇ ಮುಖ್ಯವಾದ ಕಾಗದ. ಎಣಿಕೆಯ ದಿನ ಯಂತ್ರದ ಮೊತ್ತವನ್ನು ಇದರೊಂದಿಗೆ ಹೋಲಿಸಲೇಬೇಕು. ಹೀಗಿರುವಾಗ ಕೆಲವು ಪಕ್ಷಗಳ ಏಜೆಂಟರು ಊಟದ ಹೊತ್ತಿಗೇ ಎದ್ದು ಹೋಗಿದ್ದರು, ಬದಲಿಯವರೂ ಬರಲಿಲ್ಲ. ಇದು ನನಗೆ ತೀರಾ ಬೇಸರ ತಂದ ಸಂಗತಿ. ಸೋತ ಮೇಲೆ ಯಂತ್ರವನ್ನು ದೂರುವ ಪಕ್ಷ ಒಬ್ಬ ಮನುಷ್ಯನನ್ನು ಸಂಜೆವರೆಗೆ ಕೂರಿಸಲಾಗದಿದ್ದರೆ ಹೇಗೆ?

ಕಳೆದ ಒಂದು ಅಂಕ ಯಾಕೆಂದರೆ, ಬೆಂಚಿನ ಮೇಲೆ ಕೂತವನಿಗೆ ಸಿಗುವ ಕಾಗದ ಹೊರಗೆ ಸರದಿಯಲ್ಲಿ ನಿಂತವನಿಗೆ ಸಿಗುವುದಿಲ್ಲ. ಮತಗಟ್ಟೆವಾರು 17ಸಿ ಅಂಕಿಗಳನ್ನು ಎಲ್ಲರಿಗೂ ತೆರೆದಿಡಿ ಎಂಬ ಬೇಡಿಕೆ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಚುನಾವಣೆ ನಡುವೆ ಮಧ್ಯಂತರ ಆದೇಶ ಸಿಗಲಿಲ್ಲ. ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚುನಾವಣೆ ನಡೆಸುವ ನಿಯಮಗಳ ಪೈಕಿ ನಿಯಮ 93ನ್ನು ತಿದ್ದಿ, ಸಿಸಿಟಿವಿ ದೃಶ್ಯಗಳಂಥ ದಾಖಲೆಗಳನ್ನು ಸಾರ್ವಜನಿಕರು ಪರಿಶೀಲಿಸುವ ದಾರಿಯನ್ನು ಕಿರಿದು ಮಾಡಿತು. ಮತದಾರರ ಗೋಪ್ಯತೆಯ ಕಾರಣ ಕೊಟ್ಟರು. ಗೋಪ್ಯತೆ ಬೇಕು ನಿಜ, ಆದರೆ 17ಸಿಯಲ್ಲಿ ಯಾರ ಮುಖವೂ ಇಲ್ಲ, ಬರೀ ಸಂಖ್ಯೆಯಿದೆ. ಅದೇ ಡಿಸೆಂಬರಿನಲ್ಲಿ ಸೊಲ್ಲಾಪುರ ಜಿಲ್ಲೆಯ ಮಾರ್ಕಡವಾಡಿ ಹಳ್ಳಿಯ ಜನ ಯಂತ್ರದ ಲೆಕ್ಕದ ಮೇಲೆ ಸಂಶಯಪಟ್ಟು ತಾವೇ ಮತಪತ್ರ ಹಾಕಿ ಪರೀಕ್ಷಿಸಿಕೊಳ್ಳಲು ಹೊರಟರು, ಪೊಲೀಸರು ತಡೆದರು. ಅವರ ಸಂಶಯ ಸರಿಯೋ ತಪ್ಪೋ, ಲಾಠಿಯಿಂದ ತೀರುವಂಥದ್ದಲ್ಲ. ಕಾಗದ ತೋರಿಸಿಯೇ ತೀರಿಸಬೇಕು.

ನೀವೂ ಕೂರುವುದಾದರೆ ಹೆಸರು ಅದೇ ಕ್ಷೇತ್ರದ ಮತದಾರರ ಪಟ್ಟಿಯಲ್ಲಿರಬೇಕು. ಮೊಬೈಲು ಮನೆಯಲ್ಲಿಡಿ, ಪೆನ್ನು, ನೀರು, ಊಟದ ಡಬ್ಬಿ ಒಯ್ಯಿರಿ. ಯಾವ ಪಕ್ಷವಾದರೂ ಸರಿ, ಐದೂವರೆಗೇ ತಲುಪಿ. 17ಸಿ ಕೈಗೆ ಬರುವವರೆಗೆ ಜಾಗ ಬಿಡಬೇಡಿ.